ಮಂಗಳಾರತಿಗೆ ಮುಂಚಿನ ಪಾನಕ

ನಳಿನಾಕ್ಷಿಯಮ್ಮ ಒಲೆಯ ಮುಂದೆ ನಿಂತರೆಂದರೆ ನವಿ ಮುಂಬಯಿಯ ಆ ಕನ್ನಡ ಸಂಘದಲ್ಲಿ ಅಧ್ಯಕ್ಷರೂ ಉಸಿರು ಬಿಗಿಹಿಡಿಯುತ್ತಿದ್ದರು. ಇದು ಬರೀ ಮಾತಲ್ಲ. ಹಿಂದಿನ ವರ್ಷ ಮೈಸೂರು ಕಡೆಯ ಅಧ್ಯಕ್ಷ ಕಿಟ್ಟಿ ಪಾಯಸದ ತಪ್ಪಲೆಯ ಮೇಲೆ ಬಗ್ಗಿ, "ಆಹಾ, ಏಲಕ್ಕಿ ಘಮಘಮ ಅಂತಿದೆ ಮೇಡಂ" ಎಂದದ್ದೇ ತಡ, ಆಕೆ ಅಷ್ಟೂ ಪಾಯಸವನ್ನು ಸೊಸೈಟಿಯ ವಾಚ್‌ಮನ್‌ಗಳಿಗೆ ಹಂಚಿ, ಹೊಸದಾಗಿ ಅಕ್ಕಿ ತೊಳೆದಿದ್ದರು. ನೈವೇದ್ಯಕ್ಕೆ ಮುಂಚೆ ಮೂಸಿದ್ದು ಎಂಜಲು, ಅದು ಮೈಸೂರಿನವರ ಮೂಗಾದರೂ ಸರಿಯೇ ಎಂಬುದು ಆಕೆಯ ತೀರ್ಪು.

ಕುಂದಾಪುರದ ಕಡೆಯಿಂದ ಮದುವೆಯಾಗಿ ಥಾಣೆ ಪಕ್ಕದ ಕಳವಾ ಊರಿನ ಒಂದು ಕೋಣೆಯ ಮನೆಗೆ ಬಂದವರು ಆಕೆ. ಗಂಡ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದರು. ಒಂದೇ ನಲ್ಲಿಗೆ ಇಡೀ ಚಾಳು ಕಾದಾಡುತ್ತಿದ್ದ ಆ ಕಾಲದಲ್ಲೂ ಮಡಿ ಬಿಟ್ಟವರಲ್ಲ. ಈಗ ಸೀವುಡ್ಸ್‌ನಲ್ಲಿ ಮಗನ ಫ್ಲ್ಯಾಟು, ಎರಡು ಬಚ್ಚಲು. ಮಡಿಯೂ ಅದಕ್ಕೆ ತಕ್ಕಂತೆ ಬೆಳೆದಿತ್ತು. ಸಂಘದ ವೇದಿಕೆಗೆ ಇಷ್ಟು ವರ್ಷದಲ್ಲಿ ಆಕೆಯನ್ನು ಯಾರೂ ಕರೆದಿರಲಿಲ್ಲ. ಅಧಿಕಾರ ಅಂತ ಆಕೆಗಿದ್ದದ್ದು ಆ ತಪ್ಪಲೆಯ ಮೇಲಿನದು ಮಾತ್ರ, ಅದನ್ನು ಆಕೆ ಸಾಸಿವೆಯಷ್ಟೂ ಬಿಟ್ಟುಕೊಡುತ್ತಿರಲಿಲ್ಲ.

ಪ್ರತಿ ಆಯುಧಪೂಜೆಗೆ ಸಂಘದವರು ಲ್ಯಾಪ್‌ಟಾಪು, ಕಾರಿನ ಕೀಲಿ ಸಾಲಾಗಿಟ್ಟು ಕುಂಕುಮ ಹಚ್ಚುತ್ತಿದ್ದರು. ಈ ಸಲ ಕಿಟ್ಟಿಗೆ ಅಸಲಿ ಆಯುಧವೇ ಬೇಕೆನ್ನಿಸಿತು. ಖಾರಘರದ ಒಂದು ಕಟ್ಟಡದ ನೆಲಮಾಳಿಗೆಯಲ್ಲಿ ಶೂಟಿಂಗ್ ರೇಂಜ್ ಇತ್ತು. ಸದಸ್ಯರೊಬ್ಬರ ಮಗಳು ಗಗನಾ ಅಲ್ಲಿ ಕೋಚ್. ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಅವಳು ಒಪ್ಪಿದಳು. ಏರ್‌ಗನ್‌ಗಳಿಗೆ ಚೆಂಡುಹೂವಿನ ಹಾರ ಬಿತ್ತು. ಜನ್ಮದಲ್ಲಿ ಸೊಳ್ಳೆ ಬ್ಯಾಟಿಗಿಂತ ದೊಡ್ಡ ಆಯುಧ ಹಿಡಿಯದ ಗಂಡಸರು ಕಿವಿಗೆ ಸದ್ದು ತಡೆಯುವ ದಪ್ಪನೆಯ ಮಫ್ ಹಾಕಿಕೊಂಡು, ಬಂದೂಕು ಹಿಡಿದು ಫೋಟೋ ತೆಗೆಸಿಕೊಂಡರು.

ಎಲ್ಲ ಸಿದ್ಧವಿತ್ತು, ಮುಖ್ಯ ಅತಿಥಿಯ ಹೊರತು. ಥಾಣೆಯಿಂದ ಹೊರಟವರು ಐರೋಲಿ ಸೇತುವೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದರು. ಅವರು ಬಾರದೆ ಮಂಗಳಾರತಿ ಇಲ್ಲ, ಮಂಗಳಾರತಿ ಆಗದೆ ಯಾರಿಗೂ ತುತ್ತಿಲ್ಲ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಶಂಕ್ರೆಪ್ಪನವರು ನಳಿನಾಕ್ಷಿಯಮ್ಮ ಕಾವಲಿದ್ದ ನೈವೇದ್ಯದ ತಪ್ಪಲೆಯ ಹತ್ತಿರ ಸುಳಿದಾಡಿದರು. ರೈಲ್ವೆಯ ಕಳವಾ ಕಾರ್‌ಶೆಡ್ಡಿನಿಂದ ನಿವೃತ್ತರಾದ ಇವರು ಸಂಘದ ಕಾಯಂ ವಂದನಾರ್ಪಣೆಯವರು. ಮೈಕಿನವನಿಂದ ಹಿಡಿದು ಮಳೆರಾಯನ ತನಕ ಯಾರನ್ನೂ ಬಿಡದೆ ವಂದಿಸುವವರು. ಸಕ್ಕರೆ ಕಾಯಿಲೆ ಇತ್ತು. ಬೆಳಿಗ್ಗೆ ಮಾತ್ರೆ ನುಂಗಿ, ಪೂಜೆಯ ದಿನವೆಂದು ಖಾಲಿ ಹೊಟ್ಟೆಯಲ್ಲೇ ಬಂದಿದ್ದರು.

"ಅಕ್ಕಾರ, ಒಂದ್ ತುತ್ತು ಏನರ ಸಿಗತೈತೇನ್ರೀ?"

"ದೇವರಿಗಿಂತ ಮುಂಚೆ ನಿಮಗೆ ಹಸಿವಾ ಶಂಕ್ರೆಪ್ಪನವರೇ?"

ಸುತ್ತಲಿದ್ದವರು ನಕ್ಕರು. ಅವರೂ ಪೆಚ್ಚಾಗಿ ನಕ್ಕು ಗೋಡೆಯ ಪಕ್ಕದ ಬೆಂಚಿಗೆ ಹೋದರು. ತನ್ನ ಮಾತು ಚೆನ್ನಾಗಿ ನಾಟಿತೆಂದು ನಳಿನಾಕ್ಷಿಯಮ್ಮನಿಗೆ ಒಳಗೊಳಗೇ ಖುಷಿಯಾಯಿತು.

ಸ್ವಲ್ಪ ಹೊತ್ತಿಗೆ ಧೊಪ್ಪೆಂದು ಸದ್ದಾಯಿತು. ಶಂಕ್ರೆಪ್ಪನವರು ಬೆಂಚಿನಿಂದ ಜಾರಿ ನೆಲಕ್ಕೆ ಬಿದ್ದಿದ್ದರು. ಅಂಗಿ ಬೆವರಿನಲ್ಲಿ ತೊಯ್ದಿತ್ತು, ಕೈ ನಡುಗುತ್ತಿತ್ತು, ಕಣ್ಣು ಎಲ್ಲೋ ನೋಡುತ್ತಿತ್ತು. ಗಗನಾ ಕೂಗಿಕೊಂಡು ಓಡಿದಳು. ಕಿವಿಗೆ ಮಫ್ ಹಾಕಿದ್ದ ಕಿಟ್ಟಿ, ಫೋಟೋ ಚೆನ್ನಾಗಿ ಬಂತೆಂದು ತಿಳಿದು ಅವಳಿಗೆ ಹೆಬ್ಬೆರಳು ತೋರಿಸಿದ.

ಸುತ್ತ ಜನ ಕವಿದರು. ಗ್ಯಾಸ್ ಎಂದರು ಬೆಂಗಳೂರಿನವರು, ಪಿತ್ತ ಎಂದರು ಕರಾವಳಿಯವರು. "ಫಿಟ್ಸ್ ಇರ್ಬೇಕು, ಕೈಗೆ ಕಬ್ಬಿಣ ಕೊಡಿ" ಎಂದು ಯಾರೋ ಹೇಳಿದ್ದಕ್ಕೆ ಇನ್ಯಾರೋ ಕುಂಕುಮ ಹಚ್ಚಿದ ಪಿಸ್ತೂಲನ್ನೇ ತಂದು ಆ ನಡುಗುವ ಕೈಗೆ ಹಿಡಿಸಿದರು. ಗಗನಾ ಅದನ್ನು ಕಿತ್ತುಕೊಂಡು, ಆಂಬುಲೆನ್ಸಿಗೆ ಫೋನ್ ಮಾಡಿ, ಅವರನ್ನು ಗೋಡೆಗೆ ಒರಗಿಸಿ ಕೂರಿಸಿದಳು.

"ಶುಗರ್ ಲೋ ಹೋ ಗಯಾ ಹೈ. ಕುಛ್ ಮೀಠಾ ದೋ, ಜಲ್ದಿ."

ಸಿಹಿಗೇನು ಬರ? ನಾಲ್ಕು ಹೆಜ್ಜೆ ಆಚೆ ದೇವಿಯ ಪಟದ ಮುಂದೆ ತಪ್ಪಲೆ ತುಂಬ ಬೆಲ್ಲದ ಪಾನಕವಿತ್ತು. ಎಲ್ಲರೂ ಅದನ್ನು ನೋಡಿದರು, ಆಮೇಲೆ ನಳಿನಾಕ್ಷಿಯಮ್ಮನನ್ನು ನೋಡಿದರು. ಇಂಗ್ಲಿಷಿನಲ್ಲಿ ಬಾಸ್‌ಗಳಿಗೆ ಎದುರುತ್ತರ ಕೊಡುವ ಮ್ಯಾನೇಜರುಗಳಿದ್ದರು ಅಲ್ಲಿ. ಒಬ್ಬನೂ ಕೈ ಮುಂದೆ ಮಾಡಲಿಲ್ಲ. "ಕೆಳಗಡೆ ಅಂಗಡಿಯಿಂದ ಸಕ್ಕರೆ ತರ್ಸೋಣ್ವಾ ಮೇಡಂ?" ಎಂದ ಕಿಟ್ಟಿ. ನೆಲಮಾಳಿಗೆಗಿಂತ ಕೆಳಗೆ ಯಾವ ಅಂಗಡಿಯೂ ಇರಲಿಲ್ಲ.

ಇಷ್ಟು ಜನ ತನಗೆ ಹೆದರಿ ಒಬ್ಬ ಮನುಷ್ಯನನ್ನು ಸಾಯಲು ಬಿಟ್ಟಾರೆಂದು ನಳಿನಾಕ್ಷಿಯಮ್ಮನಿಗೆ ಹೊಳೆದದ್ದು ಆಗ. ಆಕೆಗೆ ನಾಚಿಕೆಯಾಯಿತು, ಭಯವೂ ಆಯಿತು. ತಪ್ಪಲೆಗೆ ಲೋಟವನ್ನೇ ಅದ್ದಿ ತೆಗೆದು, ಓಡಿಹೋಗಿ ಶಂಕ್ರೆಪ್ಪನವರ ತುಟಿಗೆ ಹಿಡಿದರು.

ಅವರು ಬಾಯಿ ಬಿಗಿದುಕೊಂಡರು.

"ಬ್ಯಾಡ್ರೀ ಅಕ್ಕಾರ," ಎಂದು ತೊದಲಿದರು. "ಪೂಜಿ... ಇನ್ನೂ ಆಗಿಲ್ಲ."

ಅವರ ಪ್ರಜ್ಞೆ ಅರ್ಧ ಹೋಗಿತ್ತು, ಆಕೆಯೆಂದರೆ ಇದ್ದ ಹೆದರಿಕೆ ಮಾತ್ರ ಹೋಗಿರಲಿಲ್ಲ.

"ಆಯ್ತು ಮಾರಾಯ್ರೆ," ಎಂದರು ನಳಿನಾಕ್ಷಿಯಮ್ಮ. ದೇವಿಯ ಪಟದ ಎದುರಿಗೇ ಹೇಳಿದ ಸುಳ್ಳು ಅದು. "ಪೂಜೆ ಆಗಿ ಎಷ್ಟೊತ್ತಾಯ್ತು. ನಿಮ್ಮದೊಬ್ಬರದೇ ಪ್ರಸಾದ ಬಾಕಿ. ಕುಡೀರಿ."

ಅವರು ಕುಡಿದರು. ಗುಟುಕು ಗುಟುಕಾಗಿ ಒಂದು ಲೋಟ, ಆಮೇಲೆ ಇನ್ನರ್ಧ. ಕೈ ನಡುಕ ನಿಧಾನಕ್ಕೆ ಇಳಿಯಿತು. ಕಣ್ಣು ಆಕೆಯ ಮುಖವನ್ನು ಗುರುತಿಸಿತು.

ಆಂಬುಲೆನ್ಸೂ ಮುಖ್ಯ ಅತಿಥಿಯ ಕಾರೂ ಒಂದರ ಹಿಂದೆ ಒಂದು ಬಂದವು. ಕಿಟ್ಟಿಗೆ ಯಾವುದಕ್ಕೆ ಮೊದಲು ಹಾರ ಹಿಡಿದು ಓಡಬೇಕೆಂದು ತಿಳಿಯಲಿಲ್ಲ. ಶಂಕ್ರೆಪ್ಪನವರನ್ನು ಸ್ಟ್ರೆಚರಿನಲ್ಲಿ ಮಲಗಿಸಿ ಮೇಲಕ್ಕೆ ಒಯ್ದಾಗ ನಳಿನಾಕ್ಷಿಯಮ್ಮ ಇನ್ನೊಂದು ಲೋಟ ಪಾನಕ ತುಂಬಿಕೊಂಡು, ಸೆರಗು ಸಿಕ್ಕಿಸಿ ಹಿಂದೆಯೇ ಹೊರಟರು.

"ಮೇಡಂ, ನೈವೇದ್ಯ?" ಕಿಟ್ಟಿ ಬಾಗಿಲ ತನಕ ಬಂದ. "ಹೊಸದಾಗಿ ಮಾಡ್ಬೇಕಲ್ವಾ? ಗೆಸ್ಟ್ ಬಂದ್ಬಿಟ್ರು."

"ಮಾಡುದೆಂತದಕ್ಕೆ? ತಪ್ಪಲೆಯಲ್ಲಿ ಉಂಟಲ್ಲ, ಅದನ್ನೇ ಕೊಡಿ," ಎಂದರು ಆಕೆ, ಆಂಬುಲೆನ್ಸಿನ ಮೆಟ್ಟಿಲು ಹತ್ತುತ್ತ. "ಬೇಕಾದ್ರೆ ಮೂಸಿ ನೋಡಿ."