ಬಾಗಿಲಾಚೆಯ ಕೋಟು

ಮೈತ್ರೇಯಿಗೆ ಮಾರ್ಟಿನ್ ತಾವ್ರೊ ಅವರ ಪರಿಚಯವಾದದ್ದು ೨೦೦೪ರ ಕೊನೆಯಲ್ಲಿ, ಸ್ವೀಡನ್ನಿನ ಉಮೆಯೊ ನಗರದ ಒಂದು ಬಸ್ ನಿಲ್ದಾಣದಲ್ಲಿ. ಸಂಶೋಧನೆಗೆಂದು ಅವಳು ಮೈಸೂರಿನಿಂದ ಬಂದು ಕೆಲವೇ ವಾರಗಳಾಗಿದ್ದವು. ಫೋನಿನಲ್ಲಿ ತಾಯಿಯೊಡನೆ ಕನ್ನಡದಲ್ಲಿ ಮಾತು ಮುಗಿಸಿ ತಿರುಗಿದರೆ, ಹಿಮ ಗೋರುತ್ತಿದ್ದ ಹಿರಿಯರೊಬ್ಬರು ಸಲಿಕೆ ಊರಿ ಅವಳನ್ನೇ ನೋಡುತ್ತಿದ್ದರು.

“ಎಂತ ಮಾರಾಯ್ತಿ, ಇದು ಕೋಟಾ, ಕರ್ಟನ್ ಬಟ್ಟೆಯಾ?”

“ಅಯ್ಯೋ ಅಂಕಲ್, ಬೆಂಗಳೂರಲ್ಲಿ ಇದೇ ಸಖತ್ ದಪ್ಪ ಅಂದ್ರು!”

“ಅಂಗಡಿಯವ ಜಾಣ. ನಿನ್ನ ವಿಷಯ ನಾನು ಹೇಳುವುದಿಲ್ಲ.”

ಮರುದಿನ ಅದೇ ನಿಲ್ದಾಣಕ್ಕೆ ತೀರಿಹೋದ ತಮ್ಮ ಹೆಂಡತಿಯ ಉಣ್ಣೆಯ ಕೋಟನ್ನು ತಂದುಕೊಟ್ಟರು.

ತಾವ್ರೊ ಕರಾವಳಿಯ ಕಿನ್ನಿಗೋಳಿ ಕಡೆಯ ಕಥೋಲಿಕರು. ಭಾರತದ ಸೇನೆಯಲ್ಲಿ ಸುಬೇದಾರರಾಗಿ ನಿವೃತ್ತರಾದ ಮೇಲೆ, ಇಲ್ಲಿ ದಾದಿಯಾಗಿದ್ದ ಹೆಂಡತಿಯ ಬಳಿಗೆ ಬಂದವರು. ವಸತಿ ಕಟ್ಟಡಗಳ ಹಿಮ ತೆಗೆಯುವ ಕೆಲಸ ಹಿಡಿದಿದ್ದರು. ಮನೆಯ ಗೋಡೆಯ ಮೇಲೆ ತಂದೆಯ ಕಾಲದ ಒಂದು ಚಿತ್ರವಿತ್ತು: ಕುದುರೆಯೇರಿದ ಸಂತ ಮಾರ್ಟಿನ್, ಕೈಯಲ್ಲಿ ಹಿರಿದ ಕತ್ತಿ. ಅದರ ಕಥೆ ಹೇಳದೆ ಯಾರಿಗೂ ಕಾಫಿ ಕೊಡುತ್ತಿರಲಿಲ್ಲ. ಕೊರೆಯುವ ಚಳಿಯಲ್ಲಿ ಊರಬಾಗಿಲಲ್ಲಿ ನಡುಗುತ್ತಿದ್ದ ಭಿಕ್ಷುಕನಿಗೆ ರೋಮಿನ ಆ ಸೈನಿಕ ತನ್ನ ಮೇಲಂಗಿಯನ್ನು ಕತ್ತಿಯಿಂದ ಸೀಳಿ ಅರ್ಧ ಕೊಟ್ಟನಂತೆ; ಕನಸಿನಲ್ಲಿ ಯೇಸುವೇ ಆ ಅರ್ಧವನ್ನು ಹೊದ್ದು ಬಂದನಂತೆ. ತಂದೆ ಹೇಳಿದ ಕಥೆ ಅಲ್ಲಿಗೆ ಮುಗಿಯುತ್ತಿತ್ತು. “ಯೂನಿಫಾರ್ಮಿನಲ್ಲೇ ಸಂತ ಆದವ, ತಿಳೀತಾ?” ಎಂದು ತಾವ್ರೊ ಎದೆ ಸೆಟೆಸುತ್ತಿದ್ದರು. ನವೆಂಬರಿನಲ್ಲಿ ಬರುವ ಆ ಸಂತನ ಹಬ್ಬದ ದಿನ ಇಲ್ಲದವರಿಗೆ ಕಂಬಳಿ ಕೊಡುವುದು ಅವರ ಮನೆತನದ ಹರಕೆ. ಇಲ್ಲಿ ಕಂಬಳಿಯ ಬದಲು ಕೋಟು.

ಒಂದು ವರ್ಷ ಕಳೆದು ಜನವರಿ ಬಂದಿತು. ಮೈತ್ರೇಯಿಯ ಸ್ವೀಡಿಷ್ ತರಗತಿಯಲ್ಲಿ ತೆಸ್ಫಾಯ್ ಎಂಬ ಪೂರ್ವ ಆಫ್ರಿಕಾದ ತರುಣನಿದ್ದ. ಅವನೂ ಕಥೋಲಿಕ. ಆಶ್ರಯ ಕೋರಿದ ಅವನ ಅರ್ಜಿ ತಿರಸ್ಕೃತವಾಗಿ, ಇದ್ದ ಕೋಣೆಯೂ ಕೈತಪ್ಪಿತು. ವಕೀಲರು ಹೊಸ ಅರ್ಜಿ ಹಾಕುವವರೆಗೆ ಎಲ್ಲಾದರೂ ತಲೆಮರೆಸಿಕೊಂಡಿರಬೇಕಾಗಿತ್ತು. ಅವಳು ಅವನನ್ನು ನೇರವಾಗಿ ತಾವ್ರೊ ಅವರ ಮನೆಗೆ ಕರೆದೊಯ್ದು, ಒಂದು ವಾರ ಇಟ್ಟುಕೊಳ್ಳಿ ಎಂದಳು.

“ಒಂದು ವಾರ ಎಂತದು? ತಿಂಗಳಿರಲಿ,” ಎಂದು ಅವರು ಒಲೆಯ ಮೇಲೆ ಕಾಫಿಗಿಟ್ಟರು.

ಅಲ್ಲಿಗೇ ಸುಮ್ಮನಿದ್ದರೆ ಸಾಕಿತ್ತು. ಸುಬೇದಾರರಿಗೆ ಸಂತೋಷವಾದೀತೆಂದು ಮೈತ್ರೇಯಿ ಇನ್ನೊಂದು ಮಾತು ಸೇರಿಸಿದಳು: “ಅಂಕಲ್, ನಿಮಗೆ ಕಂಪನಿ ಸಿಕ್ತು ನೋಡಿ. ಇವರೂ ಆರ್ಮಿನೇ!”

“ಹೌದಾ! ಈ ಪ್ರಾಯಕ್ಕೇ ರಿಟೈರಾ?”

“ಇಲ್ಲ... ಬಿಟ್ಟು ಬಂದ್ರು. ಬಾರ್ಡರ್ ದಾಟಿ.”

ತಾವ್ರೊ ಒಲೆ ಆರಿಸಿದರು. ತೆಸ್ಫಾಯನತ್ತ ತಿರುಗಿ, ನಿಜವೇ ಎಂದು ಇಂಗ್ಲಿಷಿನಲ್ಲಿ ಕೇಳಿದರು.

“ಗುಂಡು ಹಾರಿಸಲು ಕೈ ಬರಲಿಲ್ಲ, ಸರ್,” ಎಂದ ಅವನು ಗೋಡೆಯ ಚಿತ್ರವನ್ನು ಕಂಡು ಶಿಲುಬೆಯ ಗುರುತು ಹಾಕಿಕೊಂಡ. “ಈ ಸಂತನೂ ಕೊನೆಗೆ—”

“ಸಂತನ ಹೆಸರು ನಿನ್ನ ಬಾಯಲ್ಲಿ ಬೇಡ. ಪಲ್ಟನ್ ಬಿಟ್ಟು ಓಡಿದವನಿಗೆ ನನ್ನ ಮನೆಯಲ್ಲಿ ಜಾಗವಿಲ್ಲ.”

ಮೈತ್ರೇಯಿ ಎಷ್ಟು ಬೇಡಿಕೊಂಡರೂ ಅವರು ಕರಗಲಿಲ್ಲ. ಗೂಟದಲ್ಲಿದ್ದ ತಮ್ಮದೇ ದಪ್ಪ ಕೋಟನ್ನು ಅವನ ಹೆಗಲಿಗೆ ಹಾಕಿ ಬಾಗಿಲು ತೆರೆದರು. ಹರಕೆಯಂತೂ ತಪ್ಪಲಿಲ್ಲ.

ಗೆಳೆಯನೊಬ್ಬನಿದ್ದಾನೆ, ಚಿಂತೆ ಬೇಡವೆಂದು ತೆಸ್ಫಾಯ್ ಅವಳನ್ನು ಸಾಗಹಾಕಿದ. ಗೆಳೆಯ ಯಾರೂ ಇರಲಿಲ್ಲ. ಚಳಿಗಾಲದಲ್ಲಿ ಬೀಗ ಹಾಕಿರುವ, ಕಾಡಂಚಿನ ಬೇಸಗೆಮನೆಯೊಂದರ ಜಗಲಿಯಲ್ಲಿ ಅವನು ಬಿದ್ದಿದ್ದುದನ್ನು ಹಿಮದಲ್ಲಿ ಸ್ಕೀಗಳ ಮೇಲೆ ಜಾರುತ್ತ ಹೋದವರು ಕಂಡರು. ಜೀವ ಉಳಿಯಿತು. ಹಿಮಕ್ಕೆ ಮರಗಟ್ಟಿದ್ದ ಎರಡೂ ಪಾದಗಳನ್ನು ಕತ್ತರಿಸಬೇಕಾಯಿತು.

ಸುದ್ದಿ ಕೇಳಿದ ತಾವ್ರೊ, “ಕೋಟು ಹಾಕಿದ್ದನಾ?” ಎಂದರು.

“ಹಾಕಿದ್ರು ಅಂಕಲ್. ಜೀವ ಉಳಿದಿದ್ದೇ ಅದರಿಂದಂತೆ. ಕಾಲಲ್ಲಿ ಕ್ಯಾನ್ವಾಸ್ ಶೂ ಇತ್ತು. ನಾವಿಬ್ರೂ ಅದನ್ನ ನೋಡ್ಲೇ ಇಲ್ಲ.”

ಆ ವರ್ಷದ ಹಬ್ಬದ ಪೂಜೆಗೆ ಬೇರೆ ಊರಿನಿಂದ ಬಂದ ಪಾದ್ರಿಗಳು ಸಂತನ ಚರಿತ್ರೆಯನ್ನು ಪೂರ್ತಿ ಹೇಳಿದರು. ಯುದ್ಧದ ಹಿಂದಿನ ದಿನ ಮಾರ್ಟಿನ್ ಸೇನಾಧಿಪತಿಯ ಮುಂದೆ ನಿಂತು, ತಾನು ಕ್ರಿಸ್ತನ ಸೈನಿಕ, ಇನ್ನು ಕಾದಾಡಲಾರೆ ಎಂದನಂತೆ. ಹೇಡಿಯೆಂದು ಜರೆದು ಅವನನ್ನು ಸೆರೆಯಲ್ಲಿಟ್ಟರಂತೆ. ಸಭೆ ಎದ್ದು ನಿಂತಾಗಲೂ ತಾವ್ರೊ ಕುಳಿತೇ ಇದ್ದರು. ಮೈತ್ರೇಯಿ ಕೈಹಿಡಿದು ಎಬ್ಬಿಸಬೇಕಾಯಿತು. “ಆ ಹುಡುಗ ಅವತ್ತು ಹೇಳಲಿಕ್ಕೆ ಹೊರಟದ್ದು ಇದನ್ನೇ,” ಎಂದರು.

ಈಗ ೨೦೦೯. ತೆಸ್ಫಾಯನಿಗೆ ಇಲ್ಲಿರಲು ಅನುಮತಿ ದೊರೆತಿದೆ. ಗಾಲಿಕುರ್ಚಿ ಇಳಿಯುವಂತೆ ಇಳಿಜಾರಿರುವ ನೆಲಮಹಡಿಯ ಮನೆಯನ್ನು ಇಲ್ಲಿನ ನಗರಸಭೆಯಾದ ಕೊಮ್ಯೂನ್ ಕೊಟ್ಟಿದೆ. ತಾವ್ರೊ ಕೆಲಸದಿಂದ ನಿವೃತ್ತರಾಗಿದ್ದಾರೆ. ಆದರೂ ಹಿಮ ಬಿದ್ದ ಪ್ರತಿ ಬೆಳಿಗ್ಗೆ ಸಲಿಕೆ ಹಿಡಿದು ಬಸ್ಸಿನಲ್ಲಿ ಹೋಗಿ ಆ ಇಳಿಜಾರನ್ನು ಗೋರಿ ಬರುತ್ತಾರೆ.

“ಒಳಗೆ ಕರೀತಾರಾ ಅಂಕಲ್?” ಎಂದು ಮೈತ್ರೇಯಿ ಒಮ್ಮೆ ಕೇಳಿದಳು.

“ಕರೆಯಲಿ ಅಂತ ಹೋಗುವುದಲ್ಲ.”

ಅವನು ಬಾಗಿಲು ತೆರೆದದ್ದಿಲ್ಲ. ಆ ದಪ್ಪ ಕೋಟನ್ನು ಆ ಮನೆಗೆ ಬಂದ ಮೊದಲ ಚಳಿಗಾಲದಲ್ಲೇ ಹೊರಗಿನ ಇಳಿಜಾರಿನ ಕಟಕಟೆಗೆ ತೂಗುಹಾಕಿಬಿಟ್ಟಿದ್ದಾನೆ. ತಾವ್ರೊ ಅದನ್ನು ಮನೆಗೆ ತರುವುದಿಲ್ಲ. ಹಿಮ ಕೊಡವಿ, ಇದ್ದಲ್ಲಿಯೇ ಮತ್ತೆ ತೂಗುಹಾಕಿ, ಬಸ್ಸಿಗೆ ನಡೆಯುತ್ತಾರೆ.