ಎಚ್ಚರ ತಪ್ಪಿದ್ದು ಯಾವುದರಿಂದ

ಮೊದಲ ಸಲ ಉಸಿರು ಸಿಕ್ಕಿಕೊಂಡದ್ದು ಚಳ್ಳಕೆರೆಯ ನಮ್ಮ ಬಾಡಿಗೆ ಮನೆಯ ಮೆಟ್ಟಿಲ ಮೇಲೆ. ಹದಿನೇಳು ಮೆಟ್ಟಿಲು. ಹನ್ನೊಂದನೆಯದರಲ್ಲಿ ನಿಂತೆ. ಇದು ನನ್ನ ನೆನಪು. ಹೆಂಡತಿ ಸರೋಜ ಒಪ್ಪುವುದಿಲ್ಲ. ಅದಕ್ಕೂ ಎರಡು ತಿಂಗಳ ಮೊದಲು, ಸಂತೆಯಿಂದ ಬರುವಾಗ, ಚೀಲ ಕೆಳಗಿಟ್ಟು ಗೋಡೆಗೆ ಒರಗಿದ್ದೆನಂತೆ. "ಇವತ್ತು ಗಾಳಿನೇ ಇಲ್ಲ" ಅಂದೆನಂತೆ. ನನಗೆ ಆ ಸಂತೆಯ ನೆನಪೇ ಇಲ್ಲ.

ನಾನು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನು. ಅನಿಸಿದ್ದನ್ನು ನಂಬಬೇಡ, ಅಳೆದದ್ದನ್ನು ನಂಬು ಎಂದು ವಿಶ್ವವಿದ್ಯಾಲಯದಲ್ಲಿ ಕಲಿತೆ. ವಿದ್ಯಾರ್ಥಿಗಳಿಗೂ ಅದನ್ನೇ ಹೇಳಿದೆ. ಆದರೂ ನನ್ನ ಸರದಿ ಬಂದಾಗ ಮೊದಲು ಇಸಿಜಿಯನ್ನು ಅನುಮಾನಿಸಿದೆ, ಆಮೇಲೆ ಹೃದಯದ ಎಕೋ ಸ್ಕ್ಯಾನ್ ಮಾಡಿದವರನ್ನು. ಕೊನೆಗೆ ದಾವಣಗೆರೆಯ ಲೇಡಿ ಡಾಕ್ಟರು ಬೆಂಗಳೂರಿಗೆ ಕಳಿಸಿದರು. ಅಲ್ಲಿ ತೊಡೆಯ ರಕ್ತನಾಳದಿಂದ ಹೃದಯದವರೆಗೆ ಸಣ್ಣ ನಳಿಕೆ ತೂರಿಸಿ ಒತ್ತಡ ಅಳೆದರು. ಅನುಮಾನಕ್ಕೆ ಜಾಗ ಉಳಿಯಲಿಲ್ಲ.

ಪಲ್ಮನರಿ ಹೈಪರ್‌ಟೆನ್ಷನ್.

ಶ್ವಾಸಕೋಶಕ್ಕೆ ರಕ್ತ ಒಯ್ಯುವ ನಾಳಗಳಲ್ಲಿ ಒತ್ತಡ ಏರಿದೆ, ಅದನ್ನು ತಳ್ಳಿ ತಳ್ಳಿ ಹೃದಯದ ಬಲಭಾಗ ದಣಿದಿದೆ. ಅದೇ ವೇಳೆಯ ರಕ್ತಪರೀಕ್ಷೆಯಲ್ಲಿ ಶುಗರ್ ಕೂಡ ಹೆಚ್ಚು ಬಂತು. "ಎರಡೂ ಜೊತೆಗಿರೋದನ್ನ ಎಷ್ಟೋ ಜನರಲ್ಲಿ ನೋಡ್ತೀವಿ. ಯಾಕೆ ಅಂತ ಪೂರ್ತಿ ಗೊತ್ತಿಲ್ಲ," ಎಂದರು ದಾವಣಗೆರೆಯ ಡಾಕ್ಟರು. ಗೊತ್ತಿಲ್ಲ ಎಂದು ಹೇಳಿದವರು ಅವರೊಬ್ಬರೇ. ಅಂದಿನಿಂದ ಅವರನ್ನು ನಂಬತೊಡಗಿದೆ.

ಅವರು ಶ್ವಾಸಕೋಶಕ್ಕೆ ಮಾತ್ರೆ ಬರೆದರು. ಶುಗರಿಗೆ ಬೆಳಿಗ್ಗೆ ಒಂದು ಮಾತ್ರೆ. ಮನೆಯಲ್ಲೇ ಬೆರಳು ಚುಚ್ಚಿ ನೋಡಿಕೊಳ್ಳಲು ಗ್ಲೂಕೋಮೀಟರ್ ತರಿಸಿ, ದಿನವೂ ಬರೆದಿಡಲು ಹೇಳಿದರು. ಕೊನೆಯಲ್ಲಿ ಒಂದು ಎಚ್ಚರಿಕೆ ಕೊಟ್ಟರು.

"ಪ್ರಜ್ಞೆ ತಪ್ಪಿದ್ರೆ ತಕ್ಷಣ ಬನ್ನಿ. ಈ ಕಾಯಿಲೆಯಲ್ಲಿ ಅದು ಹೃದಯ ಸೋಲ್ತಾ ಇರೋ ಲಕ್ಷಣ ಆಗಿರಬಹುದು. ಆಗ ಮಾತ್ರೆ ಸಾಲಲ್ಲ."

ಮಾತ್ರೆ ಸಾಲದಿದ್ದರೆ ಚರ್ಮದ ಕೆಳಗೆ ಹಗಲೂ ರಾತ್ರಿ ಪಂಪಿನಿಂದ ಹರಿಯುವ ಔಷಧಿ. ಅದಕ್ಕೆ ದೊಡ್ಡ ಆಸ್ಪತ್ರೆಯ ಹತ್ತಿರ ಮನೆ ಮಾಡಬೇಕು. ಕಾಲೇಜು ಬಿಡಬೇಕು.

ಮೆಟ್ಟಿಲು ಬೇಡವೆಂದು ರಜೆ ಹಾಕಿ ಮೊಳಕಾಲ್ಮೂರಿನಲ್ಲಿರುವ ಸರೋಜಳ ತವರಿಗೆ ಹೋದೆವು. ಅದು ರೇಷ್ಮೆ ಸೀರೆ ನೇಯುವ ಮನೆ. ಎರಡು ಮಗ್ಗ. ಒಂದರಲ್ಲಿ ಅವಳ ತಮ್ಮ ಗೋವಿಂದ, ಇನ್ನೊಂದರಲ್ಲಿ ಅವನ ಹೆಂಡತಿ. ಸರೋಜ ಬಂದ ಮರುದಿನವೇ ಹುಡುಗಿಯಾಗಿದ್ದಾಗ ಮಾಡುತ್ತಿದ್ದಂತೆ ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತಲು ಕೂತಳು. ಕೆಲಸವಿಲ್ಲದವನು ನಾನೊಬ್ಬನೇ.

ಕಾಯಿಲೆಯವನನ್ನು ನೋಡಲು ಜನ ಬರುತ್ತಾರೆ. ಬಿಸಿಲಲ್ಲಿ ಬಂದವರಿಗೆ ಮೊದಲು ಬೆಲ್ಲ, ನೀರು. ಆ ಮನೆಯಲ್ಲಿ ಇದು ತಪ್ಪುವಂತಿಲ್ಲ. ಆದರೆ ಅಂಟುಗೈಯಲ್ಲಿ ರೇಷ್ಮೆ ಮುಟ್ಟುವಂತಿಲ್ಲ, ಎಳೆ ಕೆಡುತ್ತದೆ. ಹಾಗಾಗಿ ಬೆಲ್ಲ ಮುರಿದು ಕೊಡುವ ಕೆಲಸ ಜಗಲಿಯ ಮೇಲೆ ಕೂತಿದ್ದ ನನ್ನ ಪಾಲಿಗೆ ಬಂತು. ಒಂದು ಚೂರನ್ನೂ ನಾನು ಬಾಯಿಗೆ ಹಾಕಲಿಲ್ಲ. ಈ ಮಾತಿಗೆ ಸರೋಜಳೂ ಸಾಕ್ಷಿ.

ಚಳ್ಳಕೆರೆಯಿಂದ ರಫೀಕ್ ಬಂದ. ನನ್ನ ಸ್ಕೂಟರನ್ನು ಇಪ್ಪತ್ತು ವರ್ಷದಿಂದ ರಿಪೇರಿ ಮಾಡುತ್ತಿರುವವನು.

"ಏನ್ ಮೇಷ್ಟ್ರೇ, ಏರ್ ಫಿಲ್ಟರ್ ಕಟ್ಕೊಂತಾ?"

"ಫಿಲ್ಟರ್ ಚೆನ್ನಾಗೈತೆ ಕಣಯ್ಯಾ. ಪೈಪಿನೊಳಗೆ ಪ್ರೆಶರ್ ಜಾಸ್ತಿ."

"ಯಾ ಅಲ್ಲಾ! ಪ್ರೆಶರ್ ಜಾಸ್ತಿ ಆದ್ರೆ ಗಾಡಿ ಹಾರ್ಬೇಕಲ್ರಿ, ಹಿಂಗ್ ಕೂತೈತಲ್ಲ!"

ಒಳಗಿನಿಂದ ಗೋವಿಂದ ಜೋರಾಗಿ ನಕ್ಕ. ನಾನೂ ನಕ್ಕೆ, ಅರ್ಧದಲ್ಲಿ ಉಸಿರು ಸಾಲದೆ ನಿಲ್ಲಿಸಿದೆ. ರಫೀಕ್ ಹೋದ ಮೇಲೆ ಬೆರಳು ಚುಚ್ಚಿ ನೋಡಿದೆ. ಇನ್ನೂರ ಎಂಬತ್ತಾರು.

ಬೆಳಿಗ್ಗೆ ಸರಿಯಾಗಿರುತ್ತಿದ್ದ ಶುಗರ್ ಮಧ್ಯಾಹ್ನ ಹೀಗೆ ಏರುವುದು ವಾರಗಳಿಂದ ನಡೆದಿತ್ತು. ಎಲ್ಲ ದಿನವೂ ಅಲ್ಲ. ಕಾರಣ ಹುಡುಕಿದೆ, ಸಿಗಲಿಲ್ಲ. ಮುದ್ದೆ ಅರ್ಧಕ್ಕಿಳಿಸಿದೆ. ಆಮೇಲೆ, ಯಾರಿಗೂ ಹೇಳದೆ, ಏರಿದ ದಿನಗಳಲ್ಲಿ ಶುಗರ್ ಮಾತ್ರೆಯ ಇನ್ನೊಂದು ಅರ್ಧ ನುಂಗತೊಡಗಿದೆ. ಅಂಕಿ ಕಣ್ಣೆದುರಿಗಿತ್ತು. ಅಳೆದದ್ದಲ್ಲವೇ?

ಅಂದೂ ನುಂಗಿದೆ. ಸಂಜೆ ಮಗ್ಗದ ಕೋಣೆಯ ಹೊಸ್ತಿಲು ದಾಟುವಾಗ ಬೆವರು ಬಂದದ್ದು ನೆನಪಿದೆ. ಎದೆ ಡವಗುಟ್ಟಿತು.

ಮುಂದಿನದು ನನ್ನ ನೆನಪಿನಲ್ಲಿಲ್ಲ.

ಕಣ್ಣು ಬಿಟ್ಟಾಗ ನೆಲದ ಮೇಲಿದ್ದೆ. ಸರೋಜಳ ತೊಡೆಯ ಮೇಲೆ ತಲೆ. ಅವಳು ಅಳುತ್ತಿರಲಿಲ್ಲ. "ಬ್ಯಾಗ್ ತಗಳೋ ಗೋವಿಂದ, ದಾವಣಗೆರೆಗೆ ಹೋಗಾಣ," ಎಂದಳು. ಡಾಕ್ಟರ ಎಚ್ಚರಿಕೆ ನಮ್ಮಿಬ್ಬರಿಗೂ ಬಾಯಿಪಾಠವಾಗಿತ್ತು. ದಾರಿಯಲ್ಲೇ, ಹೃದಯ ಸೋತಿದೆ ಎಂದು ಮೂವರೂ ಒಳಗೊಳಗೇ ತೀರ್ಮಾನಿಸಿಕೊಂಡಿದ್ದೆವು.

ಡಾಕ್ಟರು ಮಾತ್ರ ಅವಸರಪಡಲಿಲ್ಲ. ರಾತ್ರಿ ವಾರ್ಡಿನಲ್ಲಿ ಇರಿಸಿಕೊಂಡು ಬೆಳಿಗ್ಗೆ ಪ್ರಶ್ನೆ ಶುರು ಮಾಡಿದರು. ಎಚ್ಚರವಾದಾಗ ಮನೆಯವರು ಏನು ಕೊಟ್ಟರು?

"ನೀರು," ಎಂದೆ.

"ಇಲ್ಲ ಬಾವ, ಟೀ," ಎಂದ ಗೋವಿಂದ. "ಕಣ್ ಬಿಟ್ರಿ, ಮಾತು ತೊದಲ್ತಿತ್ತು. ನನ್ ಟೀನೇ ಕುಡಿಸ್ದೆ. ಸಕ್ರೆ ಜಾಸ್ತಿ ಹಾಕ್ಕಂಡಿದ್ದೆ. ಮೇಡಂ, ಕಾಲು ಗಂಟೇಲಿ ಸರಿಯಾದ್ರು."

ಡಾಕ್ಟರು ಪೆನ್ನು ಕೆಳಗಿಟ್ಟು, ಶುಗರ್ ಮಾತ್ರೆ ಎಷ್ಟು ತೆಗೆದುಕೊಂಡಿರಿ ಎಂದು ಕೇಳಿದರು. ಅರ್ಧ ಮಾತ್ರೆಯ ವಿಷಯ ಆಗ ಹೇಳಲೇಬೇಕಾಯಿತು. ಸರೋಜ ನನ್ನ ಕಡೆ ತಿರುಗಿ ನೋಡಿದಳು.

ಡಾಕ್ಟರು ಶುಗರ್ ಬರೆದಿಟ್ಟ ನನ್ನ ಪುಸ್ತಕವನ್ನೂ ಬೆಳಗಿನ ರಿಪೋರ್ಟನ್ನೂ ಪಕ್ಕಪಕ್ಕ ಇಟ್ಟರು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಹತೋಟಿಯಲ್ಲಿತ್ತು. ನಾನು ಬರೆದ ಮಧ್ಯಾಹ್ನದ ಅಂಕಿಗಳು ಅದಕ್ಕೆ ಹೊಂದುತ್ತಿರಲಿಲ್ಲ. ಮೀಟರ್ ಕೆಟ್ಟಿದೆ ಎಂದು ವಾದಿಸಿದೆ. ಅಲ್ಲೇ ನನ್ನ ಮೀಟರಿನಲ್ಲಿ ನೋಡಿದರು. ಲ್ಯಾಬಿನದಕ್ಕೆ ಸರಿಯಾಗಿ ತಾಳೆಯಾಯಿತು.

"ಚುಚ್ಚಿಕೊಳ್ಳೋ ಮೊದಲು ಕೈ ತೊಳೀತೀರಾ?"

"ಯಾವಾಗಲೂ," ಎಂದೆ. ಚೊಂಬು, ನೀರು, ಟವೆಲ್ಲು, ಎಲ್ಲವೂ ಕಣ್ಣಿಗೆ ಕಟ್ಟಿದಂತಿತ್ತು.

"ಎಲ್ಲಿ ತೊಳಿತೀರಿ ನೀವು?" ಸರೋಜ ನಡುವೆ ಬಾಯಿ ಹಾಕಿದಳು. "ಬಂದೋರಿಗೆಲ್ಲ ಬೆಲ್ಲ ಮುರ್ದು ಕೊಟ್ಟು, ಪಂಚೆಗೆ ಒರೆಸ್ಕೊಂಡು, ಕೂತಲ್ಲೇ ಚುಚ್ಕಂತೀರಿ. ನಮಗೆಲ್ಲ ಕೈ ತೊಳ್ದು ನೂಲು ಮುಟ್ರಿ ಅಂತ ಉಪದೇಶ ಬೇರೆ!"

ಮೀಟರ್ ಅಳೆದದ್ದು ನನ್ನ ರಕ್ತದ ಜೊತೆಗೆ ಬೆರಳಿಗಂಟಿದ್ದ ಬೆಲ್ಲವನ್ನೂ. ಪರೀಕ್ಷಾನಳಿಕೆ ತೊಳೆಯದೆ ತಂದ ಹುಡುಗರನ್ನು ಬಾಗಿಲ ಹೊರಗೆ ನಿಲ್ಲಿಸಿದವನು ನಾನು. ತೊಳೆದ ನೆನಪು ಎಲ್ಲಿಂದ ಬಂತೋ ಈಗಲೂ ತಿಳಿಯದು. ಬೇರೆ ಯಾವಾಗಲೋ ತೊಳೆದದ್ದನ್ನು ಮನಸ್ಸು ತಂದು ಅಲ್ಲಿ ಇಟ್ಟಿರಬೇಕು.

"ಬಹುಶಃ ಶುಗರ್ ಇಳಿದೇ ಎಚ್ಚರ ತಪ್ಪಿದೆ," ಎಂದರು ಡಾಕ್ಟರು. "ಆದ್ರೆ ಆ ಹೊತ್ತಿಗೆ ಯಾರೂ ಅಳೆದಿಲ್ಲ. ಹೃದಯ ನೋಡದೆ ನಾನು ಬಿಡಲ್ಲ."

ಎಕೋ ಆಯಿತು. ಆಮೇಲೆ ಆರು ನಿಮಿಷದ ನಡಿಗೆ. ಕಾರಿಡಾರಿನಲ್ಲಿ ಎರಡು ಕುರ್ಚಿಗಳ ನಡುವೆ ಹೋಗಿ ಬರುವುದು. ಎಷ್ಟು ದೂರ ನಡೆದೆ, ರಕ್ತದಲ್ಲಿ ಆಕ್ಸಿಜನ್ ಎಷ್ಟು ಇಳಿಯಿತು ಎಂದು ನರ್ಸ್ ಬರೆದುಕೊಳ್ಳುತ್ತಾರೆ. ಅಷ್ಟು ಉದ್ದದ ಆರು ನಿಮಿಷವನ್ನು ನಾನು ಕಂಡಿಲ್ಲ. ನಾಲ್ಕನೆಯ ನಿಮಿಷಕ್ಕೆ ನಿಂತು ಗೋಡೆ ಹಿಡಿದೆ, ಮತ್ತೆ ನಡೆದೆ. ಆ ಕಡೆಯ ಕುರ್ಚಿಯ ಹತ್ತಿರ ಸರೋಜ ನಿಂತಿದ್ದಳು. ಅವಳ ಮುಖ ನೋಡದೆ ನೆಲದ ಕಲ್ಲುಗಳನ್ನು ನೋಡುತ್ತಾ ನಡೆದೆ.

ಮಧ್ಯಾಹ್ನ ಡಾಕ್ಟರು ಹಳೆಯ ರಿಪೋರ್ಟಿನ ಪಕ್ಕ ಹೊಸದನ್ನಿಟ್ಟು ಓದಿದರು.

"ಹೋದ ಸಲ ಎಲ್ಲಿತ್ತೋ ಅಲ್ಲೇ ಇದೆ. ಪಂಪ್ ಈಗ ಬೇಡ."

ವಾಸಿಯಾಗಿದೆ ಎಂದು ಅವರು ಹೇಳಲಿಲ್ಲ. ಈಗ ಬೇಡ ಎಂದರು. ಆ 'ಈಗ' ಎಷ್ಟು ದಿನದ್ದು ಎಂದು ಕೇಳುವ ಚಟ ನನ್ನದು, ಅಂದು ಕೇಳಲಿಲ್ಲ. ಶುಗರ್ ಮಾತ್ರೆ ಬದಲಿಸಿ ಕೊಟ್ಟರು. ಮಾತ್ರೆಯ ಡಬ್ಬಿಯನ್ನು ನನ್ನ ಕೈಗೆ ಕೊಡದೆ ಸರೋಜಳ ಕೈಗೆ ಕೊಟ್ಟರು. ಅದು ಸರಿಯೇ.

ಮೊಳಕಾಲ್ಮೂರಿನ ಬಸ್ಸು ಸಿಕ್ಕಿತು. ಮೊದಲ ಮೆಟ್ಟಿಲಿಗೇ ಉಸಿರು ಏರಿ ಕಂಬಿ ಹಿಡಿದು ನಿಂತೆ. ಹಿಂದಿದ್ದವರು ಗೊಣಗಿದರು. "ಸುಧಾರಿಸ್ಕಂಡು ಹತ್ರಿ, ಇನ್ನೂ ಟೈಮ್ ಐತೆ," ಎಂಬ ಮಾತು ಕೇಳಿಸಿತು. ಹೇಳಿದವನು ಕಂಡಕ್ಟರ್ ಎಂದು ನನ್ನ ನೆನಪು. ತಾನೇ ಹೇಳಿದ್ದು ಎನ್ನುತ್ತಾಳೆ ಸರೋಜ.

ಇರಬಹುದು. ಬಸ್ಸು ಹತ್ತಿದ್ದಂತೂ ನಿಜ.