ಮುಂದಿನ ಸಾಲಿನ ಸೋದರಿಯರು

ನನ್ನ ಹೊಲಿಗೆ ಪೆಟ್ಟಿಗೆಯಲ್ಲಿ ಮುಚ್ಚಳ ನೆಗ್ಗಿದ ಸ್ಟೀಲಿನ ಕುಂಕುಮದ ಡಬ್ಬಿಯೊಂದಿದೆ. ಎಂಬತ್ತರ ದಶಕದ ಶುರುವಿನಲ್ಲಿ, ಹೊನ್ನಾಳಿಯಲ್ಲಿ ನಾನು ಶಾಲೆಯ ಮೇಡಂ ಆಗಿದ್ದಾಗ, ಒಂದು ಮಹಿಳಾ ಮಂಡಳಿಯಲ್ಲಿ ಸೊಗಸಾದ ಸ್ವಾಗತ ಭಾಷಣ ಮಾಡಿದ್ದಕ್ಕೆ ಸಿಕ್ಕ ಬಹುಮಾನ ಅದು.

ಆ ಕಾಲದಲ್ಲಿ, ಸ್ನೇಹಿತರೇ, ಹೆಂಗಸರು ಇದ್ದಕ್ಕಿದ್ದಂತೆ ಪೂಜ್ಯರಾಗಿಬಿಟ್ಟಿದ್ದರು. ಜಗಳೂರಿನ ನನ್ನ ಬಾಲ್ಯದಲ್ಲಿ ಬದುವಿನ ಮೇಲೆ ನಿಂತು ‘ಏ ಹೆಣ್ಣಾಳುಗಳಾ’ ಎಂದು ಗದರುತ್ತಿದ್ದ ಗೌಡರೇ, ಮೈಕು ಕೈಗೆ ಬಂದ ಕೂಡಲೇ ‘ಮಾತೆಯರೇ’ ಎಂದು ಕೈಮುಗಿಯತೊಡಗಿದ್ದರು. ವೇದಿಕೆ ಇಳಿದ ಮೇಲೆ ಅದೇ ಮಾತೆಯರು ಅವರೆದುರು ಚಪ್ಪಲಿಯನ್ನು ಕೈಯಲ್ಲಿ ಹಿಡಿದೇ ನಡೆಯಬೇಕಿತ್ತು. ‘ಮಹಿಳಾಮಣಿಗಳೇ’ ಎನ್ನುವವರನ್ನು ಕಂಡರಂತೂ ನನಗೆ ಇಂದಿಗೂ ಮೈ ಉರಿಯುತ್ತದೆ.

ನಾನೇನು ಕಡಿಮೆಯವಳೇ? ನಿಘಂಟು ತಿರುವಿ ‘ಸಮಾನಮನಸ್ಕ ಸೋದರಿಯರೇ’ ಎಂದು ಬರೆದುಕೊಂಡು ಹೋಗಿ ಓದಿದೆ. ಚಪ್ಪಾಳೆ ಬಿತ್ತು. ಡಬ್ಬಿ ಕೈಗಿಟ್ಟ ಅಧ್ಯಕ್ಷೆ, ಚನ್ನಗಿರಿಯ ಅಡಿಕೆ ವ್ಯಾಪಾರಿಯೊಬ್ಬರ ಮಗಳು, ನನ್ನ ಕಿವಿಯ ಬಳಿ ಬಗ್ಗಿ, “ಈಗ ಅರಿಶಿನ ಕುಂಕುಮ ಐತೆ. ಮುತ್ತೈದೇರು ಅಷ್ಟೇ ಮುಂದಿನ ಸಾಲಿಗೆ ಬರಾಕೆ ಹೇಳ್ರಿ,” ಎಂದರು. ಅದೇ ಇಂಪಾದ ದನಿಯಲ್ಲಿ ನಾನು ಹೇಳಿಯೂಬಿಟ್ಟೆ.

ಮುಂದಿನ ಸಾಲಿನಲ್ಲಿ ರುದ್ರಮ್ಮ ಕೂತಿದ್ದರು. ಗಂಡ ತೀರಿಕೊಂಡ ಮೇಲೆ ಸವಳಂಗದಿಂದ ವಾರಕ್ಕೊಮ್ಮೆ ಬಸ್ಸಿನಲ್ಲಿ ಬಂದು ನಮಗೆಲ್ಲ ಹೊಲಿಗೆ ಕಲಿಸುತ್ತಿದ್ದವರು. ಅಂದು ಅವರ ಜಾಗಕ್ಕೆ ನುಗ್ಗಿದ ಸೋದರಿಯರ ಮೈಮೇಲಿದ್ದ ರವಿಕೆಗಳಲ್ಲಿ ಅರ್ಧ ಅವರೇ ಹೊಲಿದವು. ಅವರು ಕತ್ತರಿಯ ಚೀಲ ಎತ್ತಿಕೊಂಡು ಎದ್ದರು. ಏಳಬೇಡಿ ಎಂದು ಯಾರೂ ಅನ್ನಲಿಲ್ಲ. ಮೈಕು ನನ್ನ ಕೈಯಲ್ಲೇ ಇತ್ತು, ನಾನೂ ಅನ್ನಲಿಲ್ಲ.

ಸಭೆ ಮುಗಿಯುವ ಮೊದಲೇ ಅವರನ್ನು ಹುಡುಕಿಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದೆ. ಡಬ್ಬಿ ಅವಸರದಲ್ಲಿ ಬಿದ್ದು ನೆಗ್ಗಿದ್ದು ಆಗಲೇ. ರುದ್ರಮ್ಮ ನನ್ನನ್ನು ಕಂಡು ಕೋಪಿಸಿಕೊಳ್ಳಲಿಲ್ಲ.

“ನಿಮ್ ಭಾಷಣ ಭಾಳ ಚೆಂದಿತ್ತು ರೀ ಮೇಡಂ,” ಎಂದರು. “ಅದರಾಗೆ ನಾನೂ ಇದೀನಿ ಅನ್ಕಂಡಿದ್ದೆ.”

ಡಬ್ಬಿಯನ್ನು ಸೆರಗಿನೊಳಗೆ ಮುಚ್ಚಿಕೊಂಡೆ. ಅಷ್ಟರಲ್ಲಿ ಕಂಡಕ್ಟರ್, “ಹೆಂಗಸ್ರೆಲ್ಲ ಮುಂದಕ್ ಬರ್ರಿ,” ಎಂದು ಕೂಗಿದ. ನಿಘಂಟಿನ ಮುಖ ಕಂಡವನಲ್ಲ ಅವನು. ಆದರೂ ಅವನ ಕರೆಯಲ್ಲಿ ರುದ್ರಮ್ಮನಿಗೂ ಒಂದು ಸೀಟು ಸಿಕ್ಕಿತು. ಮತ್ತೆ ಅವರು ಮಂಡಳಿಗೆ ಬರಲಿಲ್ಲ.

ಆ ಡಬ್ಬಿಯಲ್ಲಿ ನಾನು ಕುಂಕುಮ ತುಂಬಲೇ ಇಲ್ಲ. ಅದರಲ್ಲಿ ರವಿಕೆಯ ಹುಕ್ಕುಗಳಿವೆ, ರುದ್ರಮ್ಮ ಕಲಿಸಿದಂತೆ ನಾನೇ ಹಾಕಿಕೊಡುತ್ತೇನೆ. ಕೇಳಿಕೊಂಡು ಬಂದವರ ಹಣೆಯನ್ನು ಮಾತ್ರ ನೋಡುವುದಿಲ್ಲ.